ಸಂಜೆಗೆ ಮನೆಗೆ ಬಂದ ಕಣ್ಣು

ತಾತನ ಬಲಗಣ್ಣಿನ ಬಗ್ಗೆ ಬೀದಿಯವರು ಹೇಳುತ್ತಿದ್ದುದನ್ನೆಲ್ಲ ನಂಬಿದರೆ, ಇರುವೆಯೊಂದು ಮುಖ ತೊಳೆದಿದೆಯೋ ಇಲ್ಲವೋ ಎಂದು ಆ ಕಣ್ಣು ರಸ್ತೆಯ ಆಚೆ ಬದಿಯಿಂದಲೇ ಹೇಳಿಬಿಡುತ್ತಿತ್ತು. ಅಷ್ಟೆಲ್ಲ ಬೇಡ, ಅರ್ಧ ನಂಬಿದರೂ ಸಾಕು. ತಾತನದು ಕೈಗಡಿಯಾರ ರಿಪೇರಿ. ಆ ಕಣ್ಣಿಗೆ ಸಣ್ಣ ಕಪ್ಪು ಬಟ್ಟಲಿನಂಥ ಭೂತಗನ್ನಡಿ ಸಿಕ್ಕಿಸಿ, ಹುಬ್ಬು ಇಳಿಸಿ, ಕೆನ್ನೆ ಏರಿಸಿ, ಎರಡರ ನಡುವೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದ. ಅದೆಷ್ಟು ವರ್ಷ ಹಾಗೆ ಹಿಡಿದಿದ್ದನೆಂದರೆ ಕಣ್ಣಿನ ಸುತ್ತ ದುಂಡಗೆ ಒಂದು ಬಳೆಯಂಥ ಗುರುತೇ ಬಿದ್ದುಹೋಗಿತ್ತು. ಅದನ್ನು ಸಿಕ್ಕಿಸಿಕೊಂಡೇ ಊಟಕ್ಕೆ ಕೂರುತ್ತಿದ್ದ, ಸಿಕ್ಕಿಸಿಕೊಂಡೇ ಮೊಮ್ಮಗಳ ಜೊತೆ ಜಗಳ ಆಡುತ್ತಿದ್ದ. ಮದುವೆಯ ಫೋಟೋದಲ್ಲೂ ಅದು ಇತ್ತಂತೆ. ಫೋಟೋ ತೆಗೆದವನಿಗೂ ತಿಳಿಯಲಿಲ್ಲ, ಪಕ್ಕದಲ್ಲಿ ನಿಂತ ಹುಡುಗಿಗೂ ತಿಳಿಯಲಿಲ್ಲ. ಮನೆಯವರ ಪಾಲಿಗೆ ಅದು ಮೂಗು ಇದ್ದ ಹಾಗೆ, ಕಿವಿ ಇದ್ದ ಹಾಗೆ.

ಎಡಗಣ್ಣು ಹರೆಯದಲ್ಲೇ ಹೋಗಿತ್ತು. ಯಾರದೋ ಗೋಡೆ ಗಡಿಯಾರದ ಹೊಟ್ಟೆ ಬಿಚ್ಚುವಾಗ ಒಳಗಿನ ಸ್ಪ್ರಿಂಗು ಬಿಚ್ಚಿಕೊಂಡು ನೆಟ್ಟಗೆ ಅಲ್ಲಿಗೇ ಹಾರಿತ್ತು. ಹಾಗಾಗಿ ಬಲಗಣ್ಣೊಂದೇ ಇಬ್ಬರ ದುಡಿಮೆ ದುಡಿಯುತ್ತಿತ್ತು. ಈಗ ಅದಕ್ಕೆ ಪೊರೆ ಬಂದಿತ್ತು.

ಇದು ಮೊದಲು ಗೊತ್ತಾದದ್ದು ಕ್ಷೌರದವನಿಗೆ. ಅವನ ಗಡಿಯಾರಕ್ಕೆ ತಾತ ದೊಡ್ಡ ಮುಳ್ಳಿನ ಜಾಗದಲ್ಲಿ ಚಿಕ್ಕದು, ಚಿಕ್ಕದರ ಜಾಗದಲ್ಲಿ ದೊಡ್ಡದು ಕೂರಿಸಿ ಕೊಟ್ಟಿದ್ದ. ಆ ಪುಣ್ಯಾತ್ಮ ಅದನ್ನೇ ನಂಬಿ ನಡುಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಮನೆಗೆ ಹೋಗಿ ರಾತ್ರಿಯೂಟ ಕೇಳಿದನಂತೆ. ಬೀದಿಗೆ ಬೀದಿಯೇ ನಕ್ಕಿತು. ಅವನು ಅದನ್ನು ತಾತನ ಮೇಜಿನ ಮೇಲೆ ವಾಪಸ್ ಇಟ್ಟು ಹೋದ. ಆಮೇಲೆ ಒಬ್ಬೊಬ್ಬರೇ ಗಡಿಯಾರ ತರುವುದನ್ನು ನಿಲ್ಲಿಸಿದರು. ಅದಾಗಲೇ ಕೊಟ್ಟಿದ್ದವು ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಬಿದ್ದುಕೊಂಡವು. ಅಂಗಡಿ ಎಂದರೆ ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ ಹಿಡಿಯುವಷ್ಟು ಜಾಗ. ಅದರ ಯಜಮಾನ ಬಂದು, ತಿಂಗಳ ಕೊನೆವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಕೆಲಸ ಶುರುವಾಗದಿದ್ದರೆ ಫೋನ್ ಕವರ್ ಮಾರುವವನಿಗೆ ಕೊಡುತ್ತೇನೆ ಎಂದು ಹೇಳಿ ಹೋದ.

ಮಗ ಬಸ್ ಡ್ರೈವರ್. ಆಪರೇಷನ್ ಎಂದರೆ ಅವನಿಗೆ ಟೈರ್ ಬದಲಾಯಿಸಿದಷ್ಟೇ ಸಲೀಸು. ಡಿಪೋದ ಗುಮಾಸ್ತನೊಬ್ಬ ಚಹಾ ಹೇಳಿ, ಆಚೆ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಆ ಚಹಾ ಆರುವ ಮೊದಲೇ ವಾಪಸ್ ಬಂದು ಕುಡಿದ ಎಂದು ಊಟದ ಹೊತ್ತಿನಲ್ಲಿ ಸಾರಿದ.

"ಬೆಳಿಗ್ಗೆ ಹೋದ್ರೆ ಸಂಜೆಗೆ ಮನೆಗೆ, ಅಪ್ಪ. ಮಲಗೋಕೆ ಹಾಸಿಗೆನೂ ಕೊಡಲ್ವಂತೆ."

"ಹಾಸಿಗೆ ಕೊಡದೆ ಇರೋದು ಎಂಥ ಆಸ್ಪತ್ರೆನೋ," ಎಂದಳು ಅಜ್ಜಿ. ಅವಳ ಕಾಲದಲ್ಲಿ ಆಪರೇಷನ್ ಎಂದರೆ ಚಾಪೆ, ದಿಂಬು, ತಟ್ಟೆ, ಲೋಟ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡಬೇಕಾಗಿತ್ತು. ಅವಳ ತಂಗಿ ಹೊಟ್ಟೆ ಆಪರೇಷನ್ನಿಗೆ ಹೋಗಿ ಎಷ್ಟು ದಿನ ಅಲ್ಲಿದ್ದಳೆಂದರೆ, ಪಕ್ಕದ ಹಾಸಿಗೆಯವಳ ಮಗನಿಗೆ ಹೆಣ್ಣು ನೋಡಿ ಮದುವೆ ಮಾಡಿಸಿಯೇ ಎದ್ದು ಬಂದಿದ್ದಳು.

"ಈಗ ಹಾಗಿಲ್ಲ ಅತ್ತೆ," ಎಂದಳು ಸೊಸೆ. "ಅಲ್ಲಿ ಮಲಗಿಸ್ಕೊಂಡ್ರೆ ಅವರಿಗೆ ಕೆಲಸ. ಮನೆಗೆ ಕಳಿಸಿದ್ರೆ ನಮಗೆ."

ಸೊಸೆ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ದಿನವಿಡೀ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಸಂಜೆ ಬರುವಾಗ ಅವಳ ಕೈ ಬೇಯಿಸಿದ ಆಲೂಗಡ್ಡೆಯ ಹಾಗೆ ಇರುತ್ತಿತ್ತು. ಕೆಲಸ ಯಾರ ತಲೆಗೆ ಬೀಳುತ್ತದೆ ಎನ್ನುವುದು ಅವಳಿಗೆ ಎಲ್ಲರಿಗಿಂತ ಮುಂಚೆ ತಿಳಿಯುತ್ತಿತ್ತು.

ಆಪರೇಷನ್ ದಿನ ಐದು ಮಂದಿಯೂ ಹೋದರು. ಉದ್ದನೆಯ ಹಜಾರದಲ್ಲಿ ತಲೆಗೆ ಹಸಿರು ಟೊಪ್ಪಿಗೆ ಹಾಕಿಸಿಕೊಂಡ ಮುದುಕ ಮುದುಕಿಯರು ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ಕೂತಿದ್ದರು. ಯಾವ ಕಣ್ಣು ಎಂದು ತಪ್ಪದಿರಲಿ ಅಂತ ನರ್ಸು ತಾತನ ಬಲಹುಬ್ಬಿನ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿದಳು. ತಾತ ಒಳಗೆ ಹೋದ. ಅಜ್ಜಿ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿ, ತಾನೊಂದು ತುಂಡು ಬಾಯಿಗೆ ಹಾಕುವಷ್ಟರಲ್ಲಿ ತಾತ ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ನಡೆದೇ ಹೊರಗೆ ಬಂದ.

"ಇಷ್ಟೇನಾ?" ಎಂದಳು ಅಜ್ಜಿ. ಅವಳ ದನಿಯಲ್ಲಿ ಮೋಸ ಹೋದವರ ಬೇಸರವಿತ್ತು.

ಸಂಜೆ ಹೊರಡುವ ಮೊದಲು ನರ್ಸು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಒಂದೇ ಉಸಿರಿನಲ್ಲಿ ಹೇಳಿದಳು, ಹಿಂದೆ ಇನ್ನೂ ಎಷ್ಟೋ ಕುಟುಂಬ ಕಾಯುತ್ತಿತ್ತು. ಕೇಳಿದವರು ತಮಗೆ ಬೇಕಾದ್ದನ್ನು ಹಿಡಿದುಕೊಂಡು ಬಂದರು. ಸೊಸೆ ಹಿಡಿದದ್ದು ನೀರು: ಕಣ್ಣಿಗೆ ಹನಿ ನೀರೂ ತಾಗಬಾರದು. ಅಜ್ಜಿ ಹಿಡಿದದ್ದು ಕೆಮ್ಮು: ಜೋರಾಗಿ ಕೆಮ್ಮಬಾರದು, ಸೀನಬಾರದು. ಮಗ ಹಿಡಿದದ್ದು ಭಾರ: ಎತ್ತಬಾರದು, ಬಗ್ಗಬಾರದು. ಮೊಮ್ಮಗಳು ಔಷಧದ ಹನಿಗಳನ್ನು ಹಿಡಿದಳು, ಫೋನಿನಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಹಾಡು ಇಟ್ಟಳು. ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ಗಳಿಗೆಯೂ ಕಾಯದೆ ಓಡಿ ಬನ್ನಿ ಎಂದದ್ದನ್ನೂ ಎಲ್ಲರೂ ಕೇಳಿದರು. ಆದರೆ ಅದು ಬೇರೆಯವರಿಗೆ ಹೇಳಿದ್ದು ಅನ್ನಿಸಿತು. ಚಹಾ ಆರುವ ಮೊದಲೇ ಮುಗಿಯುವ ಆಪರೇಷನ್ನಿನಲ್ಲಿ ಕೆಡುವುದಕ್ಕೆ ಏನಿದೆ?

ಕೊನೆಗೆ ನರ್ಸು, ಇವರದು ಏನು ಕೆಲಸ ಎಂದು ಕೇಳಿದಳು.

"ಕೂತು ಮಾಡೋ ಕೆಲಸ ಮೇಡಂ," ಎಂದ ಮಗ. "ಬೆವರೂ ಬರಲ್ಲ."

"ಹಾಗಾದ್ರೆ ತೊಂದರೆ ಇಲ್ಲ. ಆದ್ರೂ ಮೊದಲ ವಾರ ಜೊತೆಗೆ ಯಾರಾದ್ರೂ ಇರಿ."

ಆ ಯಾರಾದರೂ ಯಾರು ಎನ್ನುವುದರ ಮೇಲೆ ರಾತ್ರಿಯೂಟದ ಹೊತ್ತಿಗೆ ಜಗಳ ಹತ್ತಿತು. ಮಗನಿಗೆ ಡ್ಯೂಟಿ. ಮೊಮ್ಮಗಳಿಗೆ ಪರೀಕ್ಷೆ. ಅಜ್ಜಿಗೆ ಮಂಡಿ ನೋವು, ಜೊತೆಗೆ ಔಷಧದ ಬಾಟಲಿ ಹಿಡಿದರೆ ಕೈ ನಡುಗಿ ಹನಿ ಕಣ್ಣಿಗಿಂತ ಮೂಗಿಗೇ ಹೆಚ್ಚು ಬೀಳುತ್ತಿತ್ತು. ಸೊಸೆ ರಜೆ ಕೇಳಿದ್ದಳು. ಅದೇ ದಿನ ಮನೆಗೆ ಕಳಿಸಿದರೆಂದರೆ ಅದನ್ನು ಆಪರೇಷನ್ ಅನ್ನುತ್ತಾರೇನಮ್ಮ, ನನ್ನ ಹಲ್ಲು ಕಿತ್ತಾಗಲೇ ನಾನು ಮಧ್ಯಾಹ್ನ ಬಂದು ಲೆಕ್ಕ ನೋಡಿದೆ ಎಂದು ಲಾಂಡ್ರಿಯ ಸೂಪರ್‌ವೈಸರ್ ನಕ್ಕಿದ್ದ. ಹೆಚ್ಚಿಗೆ ಕೇಳಿದರೆ ಜಾಗಕ್ಕೆ ಬೇರೆಯವಳು ಬರುತ್ತಾಳೆ ಎಂದೂ ಸೂಚಿಸಿದ್ದ.

"ನಿಮ್ಮಪ್ಪ ಅಲ್ವಾ," ಎಂದಳು ಸೊಸೆ ಗಂಡನಿಗೆ.

"ನನ್ನಪ್ಪನೇ. ಅದಕ್ಕೆ ಬಸ್ಸಲ್ಲಿ ಕೂರಿಸ್ಕೊಂಡು ಊರೆಲ್ಲ ಸುತ್ತಿಸ್ಲಾ?"

"ಸುತ್ತಿಸಿ. ಹನಿ ಹಾಕೋಕೆ ಕಂಡಕ್ಟರ್ ಇದಾನಲ್ಲ."

ತಾತ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಕತ್ತಲೆ ಇಟ್ಟುಕೊಂಡು, ತಟ್ಟೆಯಲ್ಲಿ ಅನ್ನ ಎಲ್ಲಿ ಮುಗಿದು ಮೊಟ್ಟೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿನಲ್ಲಿ ಹುಡುಕುತ್ತಿದ್ದ. ಯಾರೂ ಬೇಡ, ನಾನೇನು ಹಸುಗೂಸೇ ಎಂದ. ಕೊನೆಗೆ ಎಲ್ಲರೂ ಒಂದೊಂದು ಹೊತ್ತು ಇರುವುದೆಂದಾಯಿತು. ಎಂದರೆ ಯಾವ ಹೊತ್ತಿನಲ್ಲೂ ಪೂರ್ತಿಯಾಗಿ ಯಾರೂ ಇಲ್ಲ.

ಮರುದಿನ ಪಟ್ಟಿ ಬಿಚ್ಚಿದರು. ಆ ದಿನ ಆ ಮನೆಯಲ್ಲಿ ನಡೆದಷ್ಟು ನಗು ಹಿಂದೆಂದೂ ನಡೆದಿರಲಿಲ್ಲ. ತಾತ ಗೋಡೆ ನೋಡಿ, ಇದು ಹಸಿರು ಬಣ್ಣವೇ, ನಾನು ಇಷ್ಟು ದಿನ ಗಾರೆ ಅಂದುಕೊಂಡಿದ್ದೆ ಎಂದ. ಎದುರು ಮನೆಯ ತಂತಿಯ ಮೇಲೆ ಒಣಗಿದ ಅಂಗಿಯ ಗುಂಡಿ ಎಣಿಸಿ, ಒಂದು ಬಿದ್ದುಹೋಗಿದೆ ಎಂದು ಕೂಗಿ ಹೇಳಿದ. ಆ ಮನೆಯಾಕೆ ಬಂದು ನೋಡಿದರೆ ನಿಜ. ಆಮೇಲೆ ಅಜ್ಜಿಯನ್ನು ಹತ್ತಿರ ಕರೆದು ಬಹಳ ಹೊತ್ತು ನೋಡಿದ.

"ನಿನಗೆ ಇಷ್ಟು ವಯಸ್ಸು ಯಾವಾಗ ಆಯ್ತೇ?"

"ನೀವು ಗಡಿಯಾರ ನೋಡ್ತಿದ್ರಲ್ಲ, ಆಗ."

ಸಂಜೆ ಆಸ್ಪತ್ರೆಯಿಂದ ಫೋನ್ ಬಂತು, ನೋವಿದೆಯೇ ಎಂದು ಕೇಳಿದರು. ಇಲ್ಲ ಎಂದ ತಾತ. ಅದು ನಿಜವೇ ಆಗಿತ್ತು.

ಕಣ್ಣು ಬಂದಮೇಲೆ ಮನೆಯವರು ಅದನ್ನು ಕಾದ ರೀತಿ ಅರಮನೆಯ ಬಾಗಿಲನ್ನೂ ಯಾರೂ ಕಾದಿರಲಿಕ್ಕಿಲ್ಲ. ಅಜ್ಜಿ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವುದನ್ನೇ ನಿಲ್ಲಿಸಿದಳು, ಘಾಟಿಗೆ ತಾತ ಕೆಮ್ಮಿದರೆ ಎಂದು. ಊಟವೆಲ್ಲ ಸಪ್ಪೆಯಾಯಿತು. ಸೊಸೆ ಬೆಳಿಗ್ಗೆ ಹೊರಡುವ ಮೊದಲು ಒದ್ದೆ ಬಟ್ಟೆಯಿಂದ ಮಾವನ ಗದ್ದ, ಕತ್ತು ಒರೆಸಿ, ಹಣೆಯ ಹತ್ತಿರ ಬಂದಾಗ ಬಾಂಬು ಬಿಚ್ಚುವವಳ ಹಾಗೆ ಉಸಿರು ಹಿಡಿಯುತ್ತಿದ್ದಳು. ಮಗ ತಾತನ ಚಪ್ಪಲಿಯನ್ನು ಮಂಚದ ಮೇಲೆ ಇಟ್ಟ, ಬಗ್ಗದಿರಲಿ ಎಂದು. ತಾತ ಕಣ್ಣುಜ್ಜಿಕೊಂಡಾನು ಅಂತ ಅಜ್ಜಿ ಟವೆಲನ್ನೇ ಕಿತ್ತುಕೊಂಡಳು. ಮೊಮ್ಮಗಳ ಫೋನು ಹಾಡಿದಾಗಲೆಲ್ಲ ತಾತ ತಲೆ ಎತ್ತಿ ಬಾಯಿ ತೆರೆಯುತ್ತಿದ್ದ, ಹನಿ ಹಾಕುವುದು ಕಣ್ಣಿಗೇ ಆದರೂ.

ಹೀಗಿರುವಾಗ ಒಂದು ಬೆಳಿಗ್ಗೆ ತಾತ ಬಿಸ್ಕತ್ತಿನ ಡಬ್ಬಿ ಕೇಳಿದ. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಡಬ್ಬಿಯಲ್ಲಿದ್ದ ಗಡಿಯಾರಗಳನ್ನು ಮನೆಯಲ್ಲೇ ಸರಿಮಾಡಿ ಅವರವರಿಗೆ ಕಳಿಸಿಕೊಟ್ಟರೆ, ತಾತನ ಕಣ್ಣು ಬಂದಿದೆ ಎಂದು ಬೀದಿಗೆಲ್ಲ ತಿಳಿಯುತ್ತದೆ, ಯಜಮಾನನೂ ಸುಮ್ಮನಾಗುತ್ತಾನೆ. ಮೊಮ್ಮಗಳ ಕಾಲೇಜಿನ ಖರ್ಚು ನಡೆಯುತ್ತಿದ್ದದ್ದು ಆ ಅಂಗಡಿಯಿಂದ. ಬೇಡ ಎನ್ನುವುದಕ್ಕೆ ಯಾರಿಗೂ ಕಾರಣ ಸಿಗಲಿಲ್ಲ. ಕೂತು ಮಾಡುವ ಕೆಲಸ. ಬಗ್ಗಬಾರದು ಅಷ್ಟೆ. ಮಗನೇ ಕಿಟಕಿಯ ಹತ್ತಿರ ಮೇಜು ಎಳೆದು, ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ.

ತಾತ ಕೂತ. ಜೇಬಿನಿಂದ ಭೂತಗನ್ನಡಿ ತೆಗೆದ. ಬಲಗಣ್ಣಿಗೆ ಸಿಕ್ಕಿಸಿ, ಹುಬ್ಬು ಇಳಿಸಿ, ಕೆನ್ನೆ ಏರಿಸಿ ಹಿಡಿದ. ಮನೆಯವರೆಲ್ಲ ಸುತ್ತ ನಿಂತು ನೋಡಿದರು.

"ಹೇಗೆ ಕಾಣ್ತಿದೆ ತಾತ?"

"ಸ್ಕ್ರೂ ತಲೆ ಮೇಲಿನ ಗೆರೆ ಗದ್ದೆ ಬದುವಿನ ಹಾಗೆ ಕಾಣ್ತಿದೆ ಕಣೇ. ಅದರ ಮೇಲೆ ನಡ್ಕೊಂಡು ಹೋಗ್ಬಹುದು."

ಆ ದಿನ ಮೊದಲ ಗಡಿಯಾರ ಓಡಿತು. ಅಜ್ಜಿ ಅದನ್ನು ಕಿವಿಗೆ ಹಿಡಿದು ಅಡುಗೆಮನೆಯ ತುಂಬ ಓಡಾಡಿದಳು. ತಾತ ದಿನವೂ ಕೂತ. ಸುಮ್ಮನಿರುತ್ತಿದ್ದ, ಚಹಾ ಚಹಾ ಎಂದು ಪೀಡಿಸುತ್ತಿರಲಿಲ್ಲ. ಒಂದು ಸಂಜೆ ಸೊಸೆ ಲಾಂಡ್ರಿಯಿಂದ ಬಂದು ನೋಡಿದಾಗ ಅವನು ಭೂತಗನ್ನಡಿ ಹಾಕಿಕೊಂಡು ಮೇಜಿನ ಮೇಲೆ ಇಷ್ಟೇ ಇಷ್ಟು ವಾಲಿದ್ದ.

"ಮಾವ, ಬಗ್ತಾ ಇದೀರಿ," ಎಂದು ಗದರಿದಳು. ತಾತ ನೆಟ್ಟಗೆ ಕೂತ. ಕಣ್ಣಿನಲ್ಲಿದ್ದದ್ದು ಅಲ್ಲೇ ಇತ್ತು. ಸೊಸೆ ತೃಪ್ತಿಯಿಂದ ಕೈ ತೊಳೆಯಲು ಹೋದಳು.

ನಾಲ್ಕಾರು ದಿನಕ್ಕೆ ಕಣ್ಣು ಕೆಂಪಗಾಯಿತು. ಬೆಳಿಗ್ಗೆ ಎದ್ದವನು ಗೋಡೆ ನೋಡಿ, ಹಸಿರು ಸ್ವಲ್ಪ ಮಾಸಿದೆ ಎಂದ. ಅಜ್ಜಿ, ನಿದ್ದೆ ಕಡಿಮೆಯಾಗಿರಬೇಕು ಎಂದಳು. ಮಗ, ಕೆಲಸ ಜಾಸ್ತಿಯಾಯಿತು, ಇವತ್ತು ಬೇಡ ಎಂದ. ಹೇಗೂ ಗುರುವಾರ ತೋರಿಸಲು ಹೋಗಬೇಕಲ್ಲ, ನಡುವೆ ಎರಡೇ ದಿನ, ಇನ್ನೊಂದು ಸಲ ಡ್ಯೂಟಿ ಬದಲಾಯಿಸಿಕೊಂಡರೆ ಡಿಪೋದಲ್ಲಿ ಮುಖ ಗಂಟಿಕ್ಕುತ್ತಾರೆ.

"ನೋವಿದೆಯಾ ಮಾವ?" ಎಂದು ಸೊಸೆ ಕೇಳಿದಳು. ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದಳು.

"ನೋವು ಅಂತೇನಿಲ್ಲಮ್ಮ. ಒಳಗೆ ಯಾರೋ ಮೊಳೆ ಹೊಡೆದ ಹಾಗೆ. ನೀನು ಹೋಗು, ಲೇಟಾಗುತ್ತೆ."

ತಾತನ ಪ್ರಕಾರ ನೋವೆಂದರೆ ಮನುಷ್ಯ ಕಿರುಚಬೇಕು. ಅವನು ಕಿರುಚಿರಲಿಲ್ಲ. ಸೊಸೆ ಹೋದಳು.

ಗುರುವಾರ ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಕೈಯಲ್ಲಿ ಎಷ್ಟು ಬೆರಳು ತೋರಿಸುತ್ತಿದ್ದೇನೆ ಎಂದು ಕೇಳಿದರು. ಯಾವ ಕೈ ಎಂದ ತಾತ. ಒಳಗೆ ಕೀವಾಗಿದೆ ಎಂದರು. ಕಣ್ಣಿಗೆ ನೀರು ತಾಗಿತೇ? ಸೊಸೆ ಇಲ್ಲ ಎಂದಳು. ಉಜ್ಜಿದರೇ? ಟವೆಲನ್ನೇ ಕೊಟ್ಟಿಲ್ಲ ಎಂದಳು ಅಜ್ಜಿ. ಹನಿ ತಪ್ಪಿತೇ? ಮೊಮ್ಮಗಳು ಫೋನ್ ತೆಗೆದು ತೋರಿಸಿದಳು.

"ಒತ್ತಡ ಏನಾದ್ರೂ ಬಿತ್ತಾ? ಏನಾದ್ರೂ ತಾಗಿತಾ?"

"ಒಂದು ಸೊಳ್ಳೆನೂ ತಾಗಿಲ್ಲ ಡಾಕ್ಟ್ರೇ," ಎಂದ ಮಗ. ಎಲ್ಲರೂ ತಲೆ ಆಡಿಸಿದರು. ಯಾರೊಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಡಾಕ್ಟರು ತಾತನ ಮುಖವನ್ನು ಬೆಳಕಿಗೆ ತಿರುಗಿಸಿದರು. ಕಣ್ಣಿನ ಸುತ್ತ ಬೆರಳಾಡಿಸಿ, "ಈ ಗುರುತು ಏನು?" ಎಂದರು.

"ಅದಾ? ಅದು ಮೊದಲಿಂದಲೂ ಇದೆ," ಎಂದಳು ಅಜ್ಜಿ. "ಭೂತಗನ್ನಡಿ ಹಾಕ್ಕೊಂಡು..."

ತಾತ ಜೇಬಿಗೆ ಕೈ ಹಾಕಿ, ಆ ಕಪ್ಪು ಬಟ್ಟಲನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟ. ಅದರ ಅಂಚಿನಲ್ಲಿ ಎಣ್ಣೆಯ ಜಿಡ್ಡು, ಹಿತ್ತಾಳೆಯ ಪುಡಿ ಮೆತ್ತಿಕೊಂಡಿತ್ತು. ಗಾಯ ಹಸಿ ಇರುವಾಗ ಇದನ್ನು ಒತ್ತಿ ಹಿಡಿದರೇ ಎಂದು ಡಾಕ್ಟರು ಕೇಳಲೂ ಇಲ್ಲ.

ಅವತ್ತೇ ಒಳಗೆ ಕರೆದುಕೊಂಡು ಹೋಗಿ ಕಣ್ಣಿನೊಳಕ್ಕೆ ಸೂಜಿ ಚುಚ್ಚಿ ಔಷಧ ಬಿಟ್ಟರು. ಸಂಜೆಗೆ ಮನೆಗೆ ಕಳಿಸಿದರು.

ಮನೆಯಲ್ಲಿ ಆ ರಾತ್ರಿ ಒಲೆ ಹತ್ತಲಿಲ್ಲ. ಮೇಜಿಗೆ ಇಟ್ಟಿಗೆ ಕೊಟ್ಟವರು ಯಾರು ಎಂದು ಸೊಸೆ ಕೇಳಿದಳು. ಬಗ್ಗಬೇಡಿ ಎಂದು ಮುಖ ನೋಡಿಯೇ ಗದರಿದವರು ಯಾರು ಎಂದು ಗಂಡ ಕೇಳಿದ. ಮಗನನ್ನು ಅಜ್ಜಿ ದೂರಿದಳು, ಅಜ್ಜಿಯನ್ನು ಮೊಮ್ಮಗಳು ದೂರಿದಳು, ಗಡಿಯಾರ ಕಿವಿಗಿಟ್ಟುಕೊಂಡು ಕುಣಿದವಳು ನೀನೇ ಅಲ್ಲವೇ ಎಂದು. ಅಷ್ಟು ಗಲಾಟೆಯಲ್ಲಿ ತಾತ ಹೇಳಿದ್ದು ಒಂದೇ ಮಾತು.

"ನಾನು ಮುಟ್ಟಿಲ್ಲ. ಆಣೆಗೂ ಕೈ ತಾಗಿಸಿಲ್ಲ."

ಆಮೇಲಿನ ವಾರಗಳಲ್ಲಿ ಮತ್ತೆ ಸೂಜಿ, ಮತ್ತೆ ಒಂದು ಆಪರೇಷನ್. ಪ್ರತಿ ಸಲವೂ ಬೆಳಿಗ್ಗೆ ಹೋದವನು ಸಂಜೆಗೆ ಮನೆಗೆ ಬಂದ. ಸೊಸೆ ಈಗ ರಜೆ ಕೇಳಲಿಲ್ಲ, ಹೇಳದೆಯೇ ಮನೆಯಲ್ಲಿ ಉಳಿದಳು. ಅವಳ ಇಸ್ತ್ರಿಯ ಜಾಗಕ್ಕೆ ಬೇರೆಯವಳು ಬಂದಳು, ಇವಳನ್ನು ಕೊಳೆ ಬಟ್ಟೆ ಆರಿಸುವ ಕಡೆಗೆ ಹಾಕಿದರು. ಮಗ ಊಟದ ಹೊತ್ತಿನಲ್ಲಿ ಗುಮಾಸ್ತನ ಸುದ್ದಿ ಹೇಳುವುದನ್ನು ಬಿಟ್ಟ, ಯಾವ ಸುದ್ದಿಯನ್ನೂ ಹೇಳುವುದನ್ನು ಬಿಟ್ಟ. ಕೊನೆಗೊಂದು ದಿನ ಡಾಕ್ಟರು ಬಹಳ ಮೆತ್ತಗೆ, ಇನ್ನು ಬರುವುದು ಬೇಡ, ಸುಮ್ಮನೆ ಯಾಕೆ ಓಡಾಡುತ್ತೀರಿ ಎಂದರು. ಆ ದಿನ ಮಾತ್ರ ಸಂಜೆಯವರೆಗೂ ಕಾಯಬೇಕಾಗಲಿಲ್ಲ, ಮಧ್ಯಾಹ್ನಕ್ಕೇ ಮನೆಗೆ ಬಂದರು.

ಅಂಗಡಿಯ ಬೀಗದ ಕೈಯನ್ನು ಮಗ ಕೊಟ್ಟು ಬಂದ. ಮೊಮ್ಮಗಳು ಫೋನ್ ಕವರಿನ ಅಂಗಡಿಯಲ್ಲಿ, ಅದೇ ಜಾಗದಲ್ಲಿ, ಅದೇ ಗಾಜಿನ ಪೆಟ್ಟಿಗೆಯ ಹಿಂದೆ ಕೆಲಸಕ್ಕೆ ನಿಂತಳು. ಕಾಲೇಜು ಆಮೇಲೆ ನೋಡೋಣ ಎಂದಳು. ಯಾವ ಆಮೇಲೆ ಎಂದು ಯಾರೂ ಕೇಳಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ಗಡಿಯಾರಗಳನ್ನು ಜನ ಬಂದು ತೆಗೆದುಕೊಂಡು ಹೋದರು. ಕ್ಷೌರದವನೂ ಬಂದ. ಅವನದು ಸರಿಯಾಗಿತ್ತು, ಮುಳ್ಳುಗಳು ಸರಿಯಾದ ಜಾಗದಲ್ಲಿದ್ದವು. ತಾತ ಹೋದಮೇಲೆ ಇಂಥ ಕೆಲಸ ಮಾಡುವವರಿಲ್ಲ ಎಂದು ಹೇಳಿ, ತಾತ ಎದುರಿಗೇ ಕೂತಿರುವುದು ನೆನಪಾಗಿ, ನಾಲಿಗೆ ಕಚ್ಚಿಕೊಂಡು ಹೋದ.

ಒಂದು ಸಂಜೆ ಸೊಸೆ ಲಾಂಡ್ರಿಯಿಂದ ಬಂದಾಗ ತಾತ ಕಿಟಕಿಯ ಹತ್ತಿರ, ಇಟ್ಟಿಗೆಯ ಮೇಲಿನ ಮೇಜಿನ ಮುಂದೆ ಕೂತಿದ್ದ. ಮೇಜು ಖಾಲಿ. ಬಲಗಣ್ಣಿನಲ್ಲಿ ಭೂತಗನ್ನಡಿ ಇತ್ತು. ಈ ಸಲ ಅದು ಅವಳಿಗೆ ಕಂಡಿತು. ಚೀಲ ಬಾಗಿಲಲ್ಲೇ ಬಿತ್ತು.

"ಮಾವ, ಅದನ್ನ ತೆಗೀರಿ. ಮೊದಲು ತೆಗೀರಿ."

ತಾತ ತಟ್ಟನೆ ತೆಗೆದ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಯಾಕಮ್ಮ? ಡಾಕ್ಟ್ರು ಏನಾದ್ರೂ ಹೇಳಿ ಕಳಿಸಿದ್ರಾ?"

ಸೊಸೆ ಬಿದ್ದ ಚೀಲ ಎತ್ತಿಕೊಂಡಳು.

"ಇಲ್ಲ ಮಾವ. ಇಟ್ಕೊಳ್ಳಿ."

ತಾತ ಅದನ್ನು ಮತ್ತೆ ಸಿಕ್ಕಿಸಿ, ಹುಬ್ಬು ಇಳಿಸಿ, ಕೆನ್ನೆ ಏರಿಸಿ ಗಟ್ಟಿಯಾಗಿ ಹಿಡಿದ. ಸೊಸೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಬಾಣಲೆಗೆ ಮೆಣಸಿನಕಾಯಿ ಹಾಕಿದಳು. ಘಾಟು ಮನೆಯೆಲ್ಲ ತುಂಬಿತು. ತಾತ ಕೆಮ್ಮಿದ, ಜೋರಾಗಿ, ಬಹಳ ಹೊತ್ತು. ಯಾರೂ ಓಡಿ ಬರಲಿಲ್ಲ.